ಕೆಂಡ ಕೊಟ್ಟ ಒಲೆ

ಸಾತನೂರಿನಲ್ಲಿ ಬೆಳಗಿನ ಜಾವ ಮೂರೂವರೆ. ಹಲಗೂರಿನ ಕಡೆ ಹೊರಟ ಲಾರಿಯೊಂದು ಸರ್ಕಲ್ಲು ದಾಟಿದ ಮೇಲೆ ಬೀದಿಯಲ್ಲಿ ಸದ್ದೇ ಇಲ್ಲ. ಅಂಗಡಿಯ ಷಟರ್ ನೆಲ ಕಚ್ಚಿಕೊಂಡಿದೆ. ಪಕ್ಕದ ಓಣಿಗೆ ಇಳಿದು, ಒಟ್ಟಿದ ಸೌದೆಯನ್ನು ಬಳಸಿಕೊಂಡು ಹಿತ್ತಲಿಗೆ ಹೋದರೆ ಮಾತ್ರ ಊರಿನ ಆ ಒಂದು ಮೂಲೆ ಮಲಗಿಲ್ಲ ಎಂಬುದು ತಿಳಿಯುತ್ತದೆ. ಬೆಳಕಿಗಿಂತ ಮೊದಲು ವಾಸನೆ ಎದುರಾಗುತ್ತದೆ. ಹುಳಿ ಬಂದ ಹಿಟ್ಟಿನದು, ಹೊಗೆಯದು, ಕಂದಿದ ಸಕ್ಕರೆಯದು, ಎಲ್ಲದರ ಹಿಂದೆ ಎಲ್ಲೋ ಬೆಣ್ಣೆಯದು.

ಒಳಗೆ ಒಲೆ. ಇಟ್ಟಿಗೆಯ ಕಮಾನು, ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಆಳ, ಸೊಂಟದ ಎತ್ತರಕ್ಕೆ ಚಿಕ್ಕದೊಂದು ಬಾಯಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ರಾತ್ರಿ ಹತ್ತಕ್ಕೆ ಹಚ್ಚಿದ ಸೌದೆಯೆಲ್ಲ ಈಗ ಉರಿದು ಕೆಂಡವಾಗಿದೆ. ಹುಡುಗನೊಬ್ಬ ಉದ್ದ ಹಿಡಿಯ ಗೋರೆಯಿಂದ ಆ ಕೆಂಡವನ್ನು ಬಾಯಿಗೆ ಎಳೆದು ತಗಡಿನ ಡ್ರಮ್ಮಿಗೆ ಸುರಿಯುತ್ತಾನೆ. ಅವನು ಈ ಕೆಲಸಕ್ಕೆ ಸೇರಿ ಏಳು ವರ್ಷವಾಯಿತಂತೆ. ಹುಡುಗ ಎಂದು ಕರೆಯುವುದು ಈಗ ಅಭ್ಯಾಸಬಲದಿಂದ ಮಾತ್ರ. ಡ್ರಮ್ಮಿನಲ್ಲಿ ಆರಿದ ಇದ್ದಿಲು ಬೆಳಗಾದ ಮೇಲೆ ಇಸ್ತ್ರಿ ಅಂಗಡಿಗೆ ಹೋಗುತ್ತದೆ. ಕೋಲಿನ ತುದಿಗೆ ಒದ್ದೆ ಗೋಣಿ ಸುತ್ತಿ ಅವನು ಒಲೆಯ ನೆಲ ಒರೆಸಿದಾಗ ಚುಂಯ್ ಎಂದು ಆವಿ ಏಳುತ್ತದೆ. ಇಲ್ಲಿಂದ ಮುಂದೆ ಒಲೆಯೊಳಗೆ ಬೆಂಕಿಯಿಲ್ಲ. ಇಟ್ಟಿಗೆಗಳು ರಾತ್ರಿಯೆಲ್ಲ ಕುಡಿದಿಟ್ಟುಕೊಂಡ ಕಾವಿದೆ. ದಿನದ ಅಷ್ಟೂ ತಿಂಡಿ ಬೇಯಬೇಕಾದದ್ದು ಆ ಕಾವಿನಲ್ಲೇ.

ಯಜಮಾನರು ಬಂದು ಒಂದು ಹಿಡಿ ಮೈದಾ ಒಳಕ್ಕೆ ಎರಚುತ್ತಾರೆ. ಹಿಟ್ಟು ಬಿದ್ದ ಕೂಡಲೇ ಕಪ್ಪಾಯಿತೆಂದರೆ ಕಾವು ಹೆಚ್ಚು, ಕಾಯಬೇಕು. ನಿಧಾನವಾಗಿ ಹುರಿಗಡಲೆಯ ಬಣ್ಣಕ್ಕೆ ತಿರುಗಿತೆಂದರೆ ಹದ. ಈ ಬೇಕರಿಯಲ್ಲಿ ಕಾವಳೆಯುವ ಯಂತ್ರವಿಲ್ಲ. ಅವರ ತಂದೆಯ ಕಾಲದಲ್ಲೂ ಇರಲಿಲ್ಲ.

ಮೊದಲು ಹೋಗುವುದು ಬನ್ನು, ಬ್ರೆಡ್ಡು. ಜೋರು ಕಾವು ಬೇಕಾದದ್ದು ಅವಕ್ಕೆ. ಉದ್ದನೆಯ ಮರದ ಹಲಗೆಯ ಮೇಲೆ ಟ್ರೇ ಇಟ್ಟು, ಒಳಕ್ಕೆ ತಳ್ಳಿ, ಹಲಗೆಯನ್ನು ಒಂದೇ ಜಗ್ಗಿಗೆ ಹಿಂದಕ್ಕೆ ಎಳೆದರೆ ಟ್ರೇ ಅಲ್ಲೇ ನಿಲ್ಲುತ್ತದೆ. ಈ ಜಗ್ಗು ಕೈಗೆ ಬರಲು ವರ್ಷ ಹಿಡಿಯುತ್ತದೆ ಎಂದರು. ಬನ್ನು ಹೊರಬಂದ ಮೇಲೆ ಪಪ್ಸು, ಖಾರಾ ಬನ್ನು. ಆಮೇಲೆ ಕಾವು ಸ್ವಲ್ಪ ತಗ್ಗುತ್ತದೆ, ಕೇಕಿನ ಸರದಿ. ಇನ್ನಷ್ಟು ತಗ್ಗಿದಾಗ ಬೆಣ್ಣೆ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತು, ಖಾರಾ ಬಿಸ್ಕತ್ತು. ಕೊನೆಗೆ, ಒಲೆಯ ಬಾಯಿಗೆ ಕೈಯಿಟ್ಟರೂ ತಡೆದುಕೊಳ್ಳಬಹುದು ಎನ್ನುವ ಹೊತ್ತಿಗೆ, ಹಿಂದಿನ ದಿನದ ಬ್ರೆಡ್ಡನ್ನು ಹೋಳು ಮಾಡಿ ಜೋಡಿಸಿಟ್ಟು ಬಾಗಿಲು ಮುಚ್ಚುತ್ತಾರೆ. ಗಂಟೆಗಟ್ಟಲೆ ಒಣಗಿ ಅದು ರಸ್ಕಾಗುತ್ತದೆ. ಎಣ್ಣೆ ಬಾಣಲೆಯನ್ನು ಬೇಕಾದಾಗ ಉರಿ ಹೆಚ್ಚಿಸಿ ಕಾಯಿಸಬಹುದು. ಈ ಒಲೆ ಹಾಗೆ ಮಾತು ಕೇಳುವುದಿಲ್ಲ. ಅದು ಇಳಿಯುವ ದಾರಿಯಲ್ಲೇ ಮನುಷ್ಯ ಕೆಲಸ ಹೊಂದಿಸಿಕೊಳ್ಳಬೇಕು. ಮೂರು ತಲೆಮಾರು ಬೆಳಗಿನ ಜಾವದ ನಿದ್ದೆ ಕೊಟ್ಟು ಕಲಿತದ್ದು ಇಷ್ಟನ್ನೇ: ಯಾವ ಕಾವಿಗೆ ಯಾವುದು.

ಮುಂಭಾಗದ ಬೋರ್ಡಿನಲ್ಲಿ ಅಯ್ಯಂಗಾರ್ ಬೇಕರಿ ಎಂದಿತ್ತು. ಮೊದಲ ಟ್ರೇ ಒಳಗೆ ಹೋಗಿ, ಯಜಮಾನರು ಟೀ ಲೋಟ ಹಿಡಿದು ಕೂತಾಗ ಕೇಳಿದೆ, ‘ನೀವು ಅಯ್ಯಂಗಾರ್ರಾ?’

‘ಇಲ್ಲ ಸಾರ್, ನಾವು ಇಲ್ಲೇ ಈ ಕಡೆ ಹಳ್ಳಿಯೋರು. ಒಲೆ ಅಯ್ಯಂಗಾರ್ರದು.’

ಅವರ ತಂದೆ ಹುಡುಗರಾಗಿದ್ದಾಗ ಬೆಂಗಳೂರಿಗೆ ಹೋದವರು. ಹಾಸನದ ಕಡೆಯಿಂದ ಬಂದ ಒಂದು ಅಯ್ಯಂಗಾರ್ ಕುಟುಂಬದ ಬೇಕರಿಯಲ್ಲಿ ಬೂದಿ ಬಳಿಯುವ ಕೆಲಸಕ್ಕೆ ಸೇರಿದರು. ಬೂದಿಯಿಂದ ಹಿಟ್ಟಿಗೆ, ಹಿಟ್ಟಿನಿಂದ ಒಲೆಗೆ ಬಂದರು. ಸ್ವಂತಕ್ಕೆ ಅಂಗಡಿ ಇಡುತ್ತೇನೆ ಎಂದ ದಿನ ಆ ಹಿರಿಯರು ತಡೆಯಲಿಲ್ಲ. ಬಸ್ಸು ಹತ್ತಿ ಸಾತನೂರಿಗೆ ಬಂದು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ, ಒಲೆಯ ಬಾಯಿ ಎತ್ತ ತಿರುಗಬೇಕು ಎಂದು ಕೋಲಿನಲ್ಲಿ ನೆಲದ ಮೇಲೆ ಗೀಚಿ ತೋರಿಸಿದರಂತೆ. ಹಳೆಯ ಬ್ರೆಡ್ ಅಚ್ಚುಗಳನ್ನೂ ಕೊಟ್ಟರಂತೆ. ಅವುಗಳಲ್ಲಿ ಎರಡು ಇನ್ನೂ ಅಲ್ಲಿವೆ, ಅಂಚು ಸವೆದು, ಇದ್ದಿಲಿನಷ್ಟು ಕಪ್ಪಾಗಿ. ಬೋರ್ಡಿನ ಹೆಸರು ಆ ಋಣದ್ದು.

ನನಗೆ ಥಟ್ಟನೆ ನೆನಪಾದದ್ದು ನಮ್ಮಜ್ಜಿ. ಬೆಂಕಿಪೊಟ್ಟಣವನ್ನು ಲೆಕ್ಕವಿಟ್ಟು ಖರ್ಚು ಮಾಡುತ್ತಿದ್ದ ಕಾಲ. ಒಲೆ ಆರಿತೆಂದರೆ ನನ್ನ ಕೈಗೊಂದು ಬೆರಣಿ ಚೂರು ಕೊಟ್ಟು, ‘ಹೋಗು, ಅವರ ಮನೆಯಿಂದ ಒಂದು ಕೆಂಡ ತಕ್ಕೊಂಡು ಬಾ’ ಎನ್ನುತ್ತಿದ್ದಳು. ಕೊಟ್ಟ ಮನೆಯ ಒಲೆ ಅದರಿಂದ ತಣ್ಣಗಾಗುತ್ತಿರಲಿಲ್ಲ. ಕರ್ನಾಟಕದ ಬೇಕರಿಗಳ ಚರಿತ್ರೆಯನ್ನು ಓದುತ್ತ, ಕೇಳುತ್ತ ಹೋದಂತೆಲ್ಲ ನನಗೆ ಕಾಣುವುದು ಬೆರಣಿಯ ಮೇಲೆ ಕೂತ ಆ ಕೆಂಡವೇ.

ಆ ಕೆಂಡದ ಹಿಂದೆ ನಡೆದರೆ ಸಿಗುವುದು ಬೆಂಗಳೂರಿನ ಚಿಕ್ಕಪೇಟೆ, ವರ್ಷ 1898. ಹಾಸನದ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅಲ್ಲಿ ಒಡಹುಟ್ಟಿದವರ ಜೊತೆ ಅಂಗಡಿಯಿಟ್ಟರು. ಬೆಂಗಳೂರು ಬ್ರದರ್ಸ್ ಬೇಕರಿ ಎಂಬ ಹೆಸರಿನಲ್ಲೇ ಆ ಅಣ್ಣತಮ್ಮಂದಿರಿದ್ದಾರೆ. ಜನರ ಬಾಯಲ್ಲಿ ಅದು ಬಿ.ಬಿ. ಬೇಕರಿಯಾಯಿತು. ಮೊದಲಿಗೆ ಅದು ಸಿಹಿತಿಂಡಿಯ ಅಂಗಡಿ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬ ವೆಸ್ಟ್ ಎಂಡ್ ಹೋಟೆಲಿನ ನಂಟಿನವನು, ತಿರುಮಲಾಚಾರ್ಯರಿಗೆ ಓವನ್ನಿನ ಕೆಲಸವನ್ನೂ ಬ್ರೆಡ್ಡಿನ ಹದವನ್ನೂ ಕಲಿಸಿಕೊಟ್ಟವನು ಅವನೇ ಎಂಬುದು ಆ ಮನೆತನದ ಕಥೆ. ವೆಸ್ಟ್ ಎಂಡ್ ಶುರುವಾಗಿದ್ದು 1887ರಲ್ಲಿ. ಆಗಿನ್ನೂ ಹೊಸ ಹೋಟೆಲು. ಎಣ್ಣೆ ಬಾಣಲೆಯ ಮುಂದೆ ನಿಂತವನು ಒಲೆಯ ಗೂಡಿನ ಮುಂದೆ ಬಂದು ನಿಂತ ಆ ದಿನವನ್ನು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಮೊದಲ ಏಳು ವರ್ಷ ಅವರು ಹಿಟ್ಟು ನಾದಿದ್ದು ಲಾಟೀನಿನ ಬೆಳಕಿನಲ್ಲಿ.

ಅದೇ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಇಲಿ ಸತ್ತು ಬೀಳುತ್ತಿದ್ದವು, ಮನೆಮನೆಯಿಂದ ಹೆಣ ಹೋಗುತ್ತಿದ್ದವು. ಸಾವಿರಾರು ಜನ ತೀರಿಕೊಂಡರು, ಉಳಿದವರಲ್ಲಿ ಬಹಳ ಮಂದಿ ಊರು ಬಿಟ್ಟರು. ಆ ವರ್ಷ ಚಿಕ್ಕಪೇಟೆಯಲ್ಲಿ ಹೊಸ ಒಲೆಯೊಂದು ಬದುಕಿ ಉಳಿದದ್ದೇ ನನಗೆ ಸೋಜಿಗ. ಪ್ಲೇಗಿನ ಏಟಿಗೆ ಸರ್ಕಾರ ಪೇಟೆಯ ಹೊರಗೆ ಗಾಳಿಬೆಳಕಿನ ಬಡಾವಣೆಗಳನ್ನು ಹಾಕಿತು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಮಡಿ ಬಲ್ಲ ಮಂದಿ ಅಲ್ಲಿಗೆ ಹೋಗಿ ನೆಲೆಸಿದರು. ಮುಂದೆ ಅಯ್ಯಂಗಾರ್ ಬೇಕರಿಗಳಿಗೆ ಗಟ್ಟಿ ಗಿರಾಕಿಗಳಾದವರೂ ಅವರೇ.

ಮಡಿಯ ಮಾತನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಬೆಂಗಳೂರಿಗೆ ಬ್ರೆಡ್ಡು ಬಂದದ್ದು ದಂಡಿನ ಜೊತೆ. 1809ರಲ್ಲಿ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದ ಜ್ವರಕ್ಕೆ ಬೆದರಿ ಬೆಂಗಳೂರಿಗೆ ನೆಲೆ ಬದಲಿಸಿತು. ಸೋಲ್ಜರುಗಳ ಬೆನ್ನಿಗೆ ಅವರ ಬ್ರೆಡ್ಡೂ ಬಂತು. ಪೇಟೆಯ ವೈದಿಕರಿಗೆ ಅದು ಮುಟ್ಟಬಾರದ ತಿಂಡಿ. ಹಿಟ್ಟು ಹುಳಿಸಲು ಹೆಂಡ ಹಾಕುತ್ತಾರೆ, ಕಾಲಲ್ಲಿ ತುಳಿಯುತ್ತಾರೆ, ಮೊಟ್ಟೆ ಬೆರೆಸುತ್ತಾರೆ ಎಂಬ ಗುಮಾನಿ. ಹಿಂದೂಸ್ತಾನಿಯ ಡಬಲ್ ರೋಟಿ ನಮ್ಮಲ್ಲಿ ಡಬಲ್ ರೊಟ್ಟಿಯಾದರೂ ಮನೆಯ ಹೊಸ್ತಿಲು ದಾಟಲು ಕಾಲ ಹಿಡಿಯಿತು. ಆ ಹೊಸ್ತಿಲು ದಾಟಿಸಿದ್ದು ಅಯ್ಯಂಗಾರ್ ಎಂಬ ಬೋರ್ಡು. ಮೊಟ್ಟೆಯಿಲ್ಲ, ಬೇಯಿಸಿದವರು ತಮ್ಮವರೇ ಎಂಬ ಧೈರ್ಯಕ್ಕೆ ಬ್ರಾಹ್ಮಣ ವಿಧವೆಯೂ ಮಗುವಿನ ಕೈಯಲ್ಲಿ ಬನ್ನು ತರಿಸುವಂತಾಯಿತು. ಜಾತಿಯ ಅಂಜಿಕೆಯಿಂದ ಹುಟ್ಟಿದ ಆ ಬೋರ್ಡು ಇವತ್ತು ಸಾತನೂರಿನಲ್ಲಿ, ಹಾರೋಹಳ್ಳಿಯಲ್ಲಿ, ಚನ್ನಪಟ್ಟಣದಲ್ಲಿ ಯಾರು ಯಾರದೋ ಬದುಕಿನ ಮೇಲೆ ತೂಗುತ್ತಿದೆ. ಈ ತಿರುವು ನನಗೆ ಬಹಳ ಪ್ರಿಯವಾದದ್ದು.

ಒಲೆ ಕೊಟ್ಟದ್ದನ್ನು ನಾಲಿಗೆ ತನ್ನದು ಮಾಡಿಕೊಂಡಿತು. ಇಂಗ್ಲಿಷರ ಬನ್ನಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ, ಕರಿಬೇವು ಬಿದ್ದು ಖಾರಾ ಬನ್ನಾಯಿತು. ಸ್ಪಾಂಜ್ ಕೇಕಿಗೆ ಪಾಕ ಕುಡಿಸಿ, ಕೆಂಪು ಜಾಮು ಬಳಿದು, ಮೇಲೆ ಕೊಬ್ಬರಿ ತುರಿ ಉದುರಿಸಿದರೆ ಹನಿ ಕೇಕು. ತೆಂಗಿನ ತುರಿ, ಸಕ್ಕರೆ, ಹಸಿ ಪರಂಗಿಕಾಯಿಯಿಂದ ಮಾಡಿದ ಟೂಟಿಫ್ರೂಟಿ ತುಂಬಿದ ದುಂಡನೆಯ ದಿಲ್‌ಪಸಂದ್ ಅನ್ನು ಹೋಳಿಗೆಯ ದೂರದ ನೆಂಟ ಎನ್ನಬಹುದು. 1953ರಲ್ಲಿ ವಿಶ್ವೇಶ್ವರಪುರದಲ್ಲಿ ಶುರುವಾದ ವಿ.ಬಿ. ಬೇಕರಿಯ ಮುಂದೆ ಇವತ್ತಿಗೂ ಸಂಜೆ ನಿಲ್ಲಲು ಜಾಗವಿರುವುದಿಲ್ಲ. ಬೆಣ್ಣೆ ಸವರಿದ ಬನ್ನಿನೊಳಗೆ ಖಾರದ ಕಾಂಗ್ರೆಸ್ ಕಡಲೆಕಾಯಿ ಬೀಜ ತುಂಬಿ ಕೊಡುತ್ತಾರೆ. ತಿಂದು ಮುಗಿಸುವಷ್ಟರಲ್ಲಿ ಕಣ್ಣು, ಮೂಗು ಎರಡೂ ಒದ್ದೆ. ಒಬ್ಬ ಚಿಕ್ಕಪ್ಪನ ಅಂಗಡಿಯಲ್ಲಿ ಕಲಿತ ಅಣ್ಣನ ಮಗ ಇನ್ನೊಂದು ಬಡಾವಣೆಯಲ್ಲಿ, ಅವನ ಭಾವಮೈದ ಮತ್ತೊಂದು ಊರಿನಲ್ಲಿ, ಹೀಗೆ ಹಾಸನ, ಹೊಳೆನರಸೀಪುರ, ಅರಕಲಗೂಡಿನ ಹಳ್ಳಿಗಳು ರಾಜ್ಯಕ್ಕೆಲ್ಲ ಬನ್ನು ಬೇಯಿಸಲು ಹೊರಟವು. ಒಂದು ಕಂಪನಿಯಿಲ್ಲ, ಒಂದು ಮುದ್ರೆಯಿಲ್ಲ. ಬೋರ್ಡಿನಲ್ಲಿ ಅಯ್ಯಂಗಾರ್ ಎಂಬುದರ ಮುಂಚೆ ಬರುವ ಅಕ್ಷರಗಳು ಮಾತ್ರ ಬೇರೆ ಬೇರೆ.

ಇಂಥ ಮನೆತನಗಳು ಇನ್ನೂ ಇವೆ. ಕಾಸರಗೋಡಿನಿಂದ ಕೆಳಗೆ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು 1880ರಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ತೆರೆದರು. ಬರ್ಮಾದಲ್ಲಿ ಕಲಿತು ಬಂದವರು. 1883ರಲ್ಲಿ ತೋಟದ ದೊರೆ ಮುರ್ಡೋಕ್ ಬ್ರೌನ್ ಕೊಟ್ಟ ಮಾದರಿ ನೋಡಿ ಕ್ರಿಸ್ಮಸ್ ಕೇಕು ಮಾಡಿದವರೂ ಅವರೇ. ಅವರ ವಂಶದವರು ಕೇರಳದ ಊರೂರಲ್ಲಿ ಬೇರೆ ಬೇರೆ ಹೆಸರಿನಿಂದ ಬೇಕರಿ ನಡೆಸುತ್ತಾರೆ. ಬೆಂಗಳೂರಿನ ದಂಡಿನಲ್ಲಿ ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ 1902ರದ್ದು. ಅದನ್ನು ಕಟ್ಟಿದ್ದು ಒಂದು ಮುಸ್ಲಿಂ ಕುಟುಂಬ. ರಂಜಾನಿನ ಸಂಜೆ ಅಲ್ಲಿ ಸಾಲು ನಿಲ್ಲುವವರನ್ನು ನೋಡಬೇಕು.

ಸಾತನೂರಿನ ಹಿತ್ತಲಿಗೆ ಐದೂವರೆಗೆ ಲಗೇಜ್ ಆಟೊ ಬಂತು. ಬಿಸಿ ಬನ್ನಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಟಾರ್ಪಾಲು ಹೊದಿಸಿ, ‘ಅಣ್ಣ, ಹತ್ತಿ’ ಎಂದ ಡ್ರೈವರು. ನಾನು ಮುಂದೆ ಅವನ ಪಕ್ಕ ಕೂತೆ. ಬೆನ್ನಿಗೆ ಬನ್ನಿನ ಬಿಸಿ, ಮುಖಕ್ಕೆ ಚಳಿಗಾಳಿ.

ಶುಕ್ರವಾರ. ಕಬ್ಬಾಳಿಗೆ ಹೋಗುವ ದಾರಿ ಆಗಲೇ ಎದ್ದಿತ್ತು. ಹಿಪ್ಪುನೇರಳೆ ತೋಟದಲ್ಲಿ ತಲೆಗೆ ಟಾರ್ಚು ಕಟ್ಟಿಕೊಂಡು ಹೆಂಗಸರು ಸೊಪ್ಪು ಬಿಡಿಸುತ್ತಿದ್ದರು. ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯುವ ಟೆಂಪೋ ಎದುರಿಗೆ ಬಂತು. ಈ ಸೀಮೆಯಲ್ಲಿ ಬೇಕರಿಯ ಸಾಲದ ಪುಸ್ತಕಕ್ಕೂ ರೇಷ್ಮೆಗೂ ಸಂಬಂಧವಿದೆ. ಹುಳು ಗೂಡು ಕಟ್ಟಿ, ಗೂಡು ಹರಾಜಾಗಿ, ದುಡ್ಡು ಕೈಗೆ ಬಂದ ದಿನ ಹಳೆಯ ಬಾಕಿ ತೀರುತ್ತದೆ, ಜೊತೆಗೆ ಮಕ್ಕಳಿಗೆ ಒಂದು ಕೆ.ಜಿ. ಮಿಕ್ಸೆಡ್ ಬಿಸ್ಕತ್ತು ಕಟ್ಟಿಸಿಕೊಳ್ಳುತ್ತಾರೆ. ಹುಳುವಿಗೆ ರೋಗ ಬಂದ ತಿಂಗಳು ಯಜಮಾನರು ಪುಸ್ತಕ ತೆಗೆಯುವುದೇ ಇಲ್ಲವಂತೆ.

ತಿರುವೊಂದನ್ನು ದಾಟಿದ್ದೇ ಬೆಟ್ಟ ಎದುರು ನಿಂತಿತು. ಕಬ್ಬಾಳುದುರ್ಗ. ಇಡೀ ಬೆಟ್ಟವೇ ಒಂದು ಬಂಡೆಯೆಂಬಂತೆ ನೆಲದಿಂದ ಎದ್ದ ಬೋಳು ಕಲ್ಲು. ಸೂರ್ಯ ಹುಟ್ಟುವ ಮುಂಚಿನ ಆ ಬೂದು ಬೆಳಕಿನಲ್ಲಿ ಅದರ ನೆತ್ತಿಯಷ್ಟೇ ತಿಳಿಗೆಂಪು. ನೋಡಲು ಚೆಂದ, ಚರಿತ್ರೆ ಮಾತ್ರ ಕಹಿ. ಮೈಸೂರಿನ ಅರಸ ಚಾಮರಾಜ ಒಡೆಯರನ್ನು 1734ರಲ್ಲಿ ದಳವಾಯಿಗಳು ಗದ್ದುಗೆಯಿಂದ ಇಳಿಸಿ ಈ ಬೆಟ್ಟಕ್ಕೆ ತಂದು ಸೆರೆಯಿಟ್ಟರು. ಅರಸ ಮತ್ತೆ ಕೆಳಗಿಳಿಯಲಿಲ್ಲ, ಇಲ್ಲೇ ತೀರಿಕೊಂಡ. ಹೈದರನ ಕಾಲದಲ್ಲಿ, ಟಿಪ್ಪುವಿನ ಕಾಲದಲ್ಲೂ ಇದು ಸೆರೆಮನೆ. ಇಲ್ಲಿಯ ನೀರೇ ವಿಷವೆಂದು ಹೆಸರಾಗಿತ್ತು.

ಬ್ರೆಡ್ಡು ತಿನ್ನುವ ಜನ ಮೊದಲು ದೊಡ್ಡ ಸಂಖ್ಯೆಯಲ್ಲಿ ಈ ಕಡೆ ಹಾದುಹೋದದ್ದು 1791ರ ಮೇ ತಿಂಗಳಲ್ಲಿರಬೇಕು. ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ ದಾರಿ ಹಿಡಿದ. ಟಿಪ್ಪುವಿನ ಕಡೆಯವರು ಊರುಗಳನ್ನೂ ಮೇವನ್ನೂ ಮೊದಲೇ ಸುಟ್ಟು ಬರಿದು ಮಾಡಿದ್ದರು. ಅರಕೆರೆಯವರೆಗೆ ಹೋದ ಸೇನೆ ಉಣ್ಣಲಿಲ್ಲದೆ, ಎತ್ತುಗಳು ಸತ್ತು, ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿತು. ಎರಡು ಸಲ ಬೇಯಿಸಿ ಕಲ್ಲಿನಂತೆ ಒಣಗಿಸಿದ ಗಟ್ಟಿ ಬಿಸ್ಕತ್ತು ಆ ಕಾಲದ ಹಡಗು, ಸೈನ್ಯಗಳ ಬುತ್ತಿ. ಬಿಸ್ಕತ್ತು ಎಂಬ ಮಾತಿನ ಲ್ಯಾಟಿನ್ ಮೂಲಕ್ಕೂ ಎರಡು ಸಲ ಬೆಂದದ್ದು ಎಂದೇ ಅರ್ಥ. ಆ ಲೆಕ್ಕಕ್ಕೆ ನಮ್ಮ ಬೇಕರಿಯ ನಿಜವಾದ ಬಿಸ್ಕತ್ತೆಂದರೆ ರಸ್ಕು. ಯುದ್ಧದ ಬುತ್ತಿಯಾಗಿ ದೇಶ ಸುತ್ತಿದ ಆ ಒಣ ತುಂಡನ್ನು ಈಗ ಕಬ್ಬಾಳಿನ ಜಗಲಿಯ ಮೇಲೆ ತಾತನೊಬ್ಬ ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವ ಮುನ್ನ ಬಾಯಿಗೆ ಸೇರಿಸಿಕೊಳ್ಳುತ್ತಿದ್ದ.

ಬೆಟ್ಟದ ಬುಡದಲ್ಲಿ ಕಬ್ಬಾಳಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಭಾನುವಾರ ಇಲ್ಲಿಗೆ ಜನವೋ ಜನ. ಬೆಂಗಳೂರು, ಮಂಡ್ಯ, ಮಳವಳ್ಳಿಯಿಂದ ಕಾರು, ಬಸ್ಸು, ಟ್ರ್ಯಾಕ್ಟರು. ಹೊಸ ಗಾಡಿಗೆ ಪೂಜೆ ಮಾಡಿಸಲು ನಿಂಬೆಹಣ್ಣಿನ ಮಾಲೆ ಹಾಕಿಕೊಂಡು ನಿಂತ ಲಾರಿಗಳು. ಹೂವಿನವರು, ತೆಂಗಿನಕಾಯಿಯವರು, ಬಳೆಯವರು, ಬೆಂಡು ಬತ್ತಾಸಿನವರು, ಮಡಿಲಕ್ಕಿಯ ಗಂಟು ಹಿಡಿದ ಹೆಂಗಸರು. ಹರಕೆ ಹೊತ್ತವರು ದೂರದ ಮರದಡಿ ಕಲ್ಲು ಹೂಡಿ, ಪರದ ಊಟಕ್ಕೆ ದೊಡ್ಡ ಹಂಡೆ ಇಡುತ್ತಾರೆ. ಈ ಗದ್ದಲದ ನಡುವೆ ಬೇಕರಿಯ ಗಾಜಿನ ಪೆಟ್ಟಿಗೆಗೆ ಬನ್ನು ಇಳಿಯಿತು. ಪೆಟ್ಟಿಗೆಯ ಒಳಗಾಜಿಗೆ ಹಬೆ ಕಟ್ಟಿತು.

‘ಅಕ್ಕ, ಬನ್ನು ಬಿಸಿ ಐತೆ, ಕೊಡ್ಲಾ?’

‘ಉಪವಾಸ ಕಣಣ್ಣ, ದರ್ಸನ ಆಗ್ಲಿ. ನಾಕು ಎತ್ತಿಡು, ಮಕ್ಕಳಿಗೆ ಈಗ್ಲೇ ಎರಡು ಕೊಡು.’

ಇದೇ ಬೀದಿಗೆ ಮಗುವಾಗಿದ್ದಾಗ ನಾನೂ ಬಂದಿದ್ದೇನೆ, ಅಜ್ಜಿಯ ಸೆರಗು ಹಿಡಿದು. ಆಗ ಇಲ್ಲಿ ಬನ್ನು ಸಿಕ್ಕ ನೆನಪಿಲ್ಲ, ಕಡಲೆಪುರಿ ಸಿಕ್ಕ ನೆನಪಿದೆ. ನಮ್ಮ ಮನೆಯಲ್ಲಿ ಬ್ರೆಡ್ಡು ಎಂದರೆ ಕಾಯಿಲೆಯ ತಿಂಡಿ. ಮುದ್ದೆ ಉಣ್ಣುವ ಮನೆಗೆ ಮೈದಾದ ಹೋಳು ಬಂದಿತೆಂದರೆ ಯಾರೋ ಮಲಗಿದ್ದಾರೆ ಎಂದೇ ಅರ್ಥ. ಜ್ವರ ಬಿಟ್ಟ ಮಗುವಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಹೆರಿಗೆ ವಾರ್ಡಿಗೆ ಹೊರಟವರ ಕೈಯಲ್ಲಿ ಮೇಣದ ಕಾಗದ ಸುತ್ತಿದ ಒಂದು ಪೌಂಡು, ಆಪರೇಷನ್ ಆದವರ ತಲೆದಿಂಬಿನ ಹತ್ತಿರ ರಸ್ಕಿನ ಪೊಟ್ಟಣ. ಭಾರತ ಸರ್ಕಾರ 1965ರಲ್ಲಿ ಮಾಡರ್ನ್ ಬೇಕರಿಯನ್ನು ಕಟ್ಟಿ ಹೋಳು ಮಾಡಿದ ಬ್ರೆಡ್ಡನ್ನು ಪಟ್ಟಣಗಳಿಗೆಲ್ಲ ಕಳಿಸತೊಡಗಿದ ಮೇಲೂ ನಮ್ಮ ಹಳ್ಳಿಯಲ್ಲಿ ಆ ಅರ್ಥ ಬದಲಾಗಲಿಲ್ಲ. ಒಮ್ಮೆ ಅಜ್ಜಿ ಹದಿನೈದು ದಿನ ಮಲಗಿದ್ದಳು. ಬಂದವರೆಲ್ಲ ಬ್ರೆಡ್ಡು ತಂದರು. ಅವಳು ಗೋಡೆಯ ಕಡೆ ತಿರುಗಿ ಮಲಗಿ, ‘ಇಷ್ಟೊಂದು ಬ್ರೆಡ್ಡು ತಂದವ್ರೆ, ನಾನು ಉಳಿಯಾಕಿಲ್ಲ ಅಂತ್ಲೇ ಲೆಕ್ಕ’ ಎಂದಳು. ಉಳಿದಳು. ಆ ಬ್ರೆಡ್ಡನ್ನು ನಾವು ಮಕ್ಕಳು ತಿಂದು ಮುಗಿಸಿದೆವು. ಹೊಟ್ಟೆ ತುಂಬ ಬ್ರೆಡ್ಡು ತಿಂದದ್ದು ಬದುಕಿನಲ್ಲಿ ಅದೇ ಮೊದಲು.

ಈಗ ಬ್ರೆಡ್ಡು ರೋಗಿಯ ಹಾಸಿಗೆ ಬಿಟ್ಟೆದ್ದು ಹುಟ್ಟುಹಬ್ಬದ ಮೇಜಿಗೆ ಬಂದಿದೆ. ಸಾತನೂರಿನ ಬೇಕರಿಯಲ್ಲಿ ಹೆಚ್ಚು ಲಾಭ ತರುವುದು ಕೇಕು. ಯಜಮಾನರ ಸೊಸೆ ಕ್ರೀಮಿನ ಕೋನು ಹಿಡಿದು ಕೂತರೆ ಮಧ್ಯಾಹ್ನದೊಳಗೆ ಹತ್ತು ಮಕ್ಕಳ ಹೆಸರು ಬರೆದು ಮುಗಿಸುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಯಾವ ಮಗುವಿಗೆ ಏನು ಹೆಸರಿಟ್ಟಿದ್ದಾರೆ ಎಂಬುದು ಅಂಗನವಾಡಿಯವರ ನಂತರ ಅವರಿಗೇ ಗೊತ್ತು. ಕನ್ನಡದಲ್ಲಿ ಬರೆಯಿಸಿದರೆ ಅವರಿಗೆ ಖುಷಿ. ಒತ್ತಕ್ಷರ ಬಂದಾಗ ಕೋನನ್ನು ಸ್ವಲ್ಪ ವಾಲಿಸಿ, ಉಸಿರು ಹಿಡಿದು ಬಾಗುತ್ತಾರೆ. ಅತ್ತೆ ಈ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದದ್ದು ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದೆ: ಈರುಳ್ಳಿ ಹೆಚ್ಚಿದ್ದು, ಅಚ್ಚು ತೊಳೆದದ್ದು, ರಸ್ಕು ಎಣಿಸಿ ಪೊಟ್ಟಣ ಕಟ್ಟಿದ್ದು. ಸೊಸೆ ಮುಂದಿನ ಗಾಜಿನ ಹತ್ತಿರವೇ ಮೇಜು ಹಾಕಿಸಿಕೊಂಡಿದ್ದಾರೆ.

ಬಣ್ಣದ ಬಗ್ಗೆ ಅವರು ಬಿಗಿ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂದಾಗ, ಕಡುಗೆಂಪು ಕೇಕು ಬೇಕೆಂದು ಹಟ ಹಿಡಿದ ಗಿರಾಕಿಗಳನ್ನು ವಾಪಸು ಕಳಿಸಿದರಂತೆ. ಬ್ರೆಡ್ಡಿಗೆ ಪೊಟ್ಯಾಸಿಯಂ ಬ್ರೋಮೇಟ್ ಹಾಕಬಾರದೆಂದು 2016ರಲ್ಲೇ ನಿಷೇಧವಾಗಿದೆ. ಮಕ್ಕಳ ಬಾಯಿಗೆ ಹೋಗುವ ವಸ್ತುವಿನಲ್ಲಿ ಈ ಬಿಗಿ ಎಲ್ಲ ಅಂಗಡಿಯಲ್ಲೂ ಇರಬೇಕು, ಇಲ್ಲದ ಕಡೆ ಇಲಾಖೆ ಬಾಗಿಲು ಮುಚ್ಚಿಸಬೇಕು ಎಂದೇ ನನ್ನ ಅಭಿಪ್ರಾಯ.

ಬಿಸ್ಕತ್ತಿನ ವಿಷಯದಲ್ಲಿ ಮಾತ್ರ ಯಜಮಾನರ ಮುಖ ಬಾಡುತ್ತದೆ. ಗಾಜಿನ ಭರಣಿಗಳು ಇನ್ನೂ ಸಾಲಾಗಿ ನಿಂತಿವೆ. ಉಪ್ಪು ಬಿಸ್ಕತ್ತು, ಜೀರಿಗೆಯದು, ಗೋಡಂಬಿ ಚೂರು ಒತ್ತಿದ್ದು, ನಡುವೆ ಕೆಂಪು ಚುಕ್ಕಿಯದು. ಬೆಣ್ಣೆ ಬಿಸ್ಕತ್ತು ಬೆರಳ ನಡುವೆಯೇ ಪುಡಿಯಾಗಬೇಕು, ಹಲ್ಲಿಗೆ ಕೆಲಸ ಇರಬಾರದು. ಹಿಟ್ಟಿಗೆ ಚಿಟಿಕೆ ಅಮೋನಿಯ ಹಾಕುತ್ತಾರೆ. ಕಲಸುವಾಗ ಮೂಗಿಗೆ ಹೊಡೆಯುವ ಆ ಘಾಟು ಒಲೆಯಲ್ಲಿ ಹಾರಿಹೋಗುತ್ತದೆ, ಹಾರುವಾಗ ಬಿಸ್ಕತ್ತನ್ನು ಉಬ್ಬಿಸಿ ಹಗುರ ಮಾಡಿ ಹೋಗುತ್ತದೆ. ಆದರೆ ಐದು ರೂಪಾಯಿ ಪ್ಯಾಕೆಟ್ಟಿನ ಎದುರು ಭರಣಿ ಸೋಲುತ್ತಿದೆ. 1892ರಲ್ಲಿ ಕಲ್ಕತ್ತದ ಒಂದು ಚಿಕ್ಕ ಮನೆಯಲ್ಲಿ 295 ರೂಪಾಯಿ ಬಂಡವಾಳದಿಂದ ಶುರುವಾದದ್ದು ಬ್ರಿಟಾನಿಯ. 1929ರಲ್ಲಿ ಮುಂಬಯಿಯ ವಿಲೆ ಪಾರ್ಲೆಯಲ್ಲಿ ಮಿಠಾಯಿ ಮಾಡಲು ಹುಟ್ಟಿ, 1939ರ ಹೊತ್ತಿಗೆ ಗ್ಲೂಕೋ ಬಿಸ್ಕತ್ತಿಗೆ ಇಳಿದದ್ದು ಚೌಹಾಣ್ ಕುಟುಂಬದ ಪಾರ್ಲೆ. ಅವೂ ಒಂದು ಕಾಲಕ್ಕೆ ಚಿಕ್ಕ ಒಲೆಗಳೇ. ಬಿಸ್ಕತ್ತು ಬಹಳ ಕಾಲ ಸಣ್ಣ ಉದ್ದಿಮೆಗೆಂದು ಮೀಸಲಾಗಿದ್ದ ವಸ್ತು. 1997ರಲ್ಲಿ ಆ ಬೇಲಿ ತೆಗೆದರು. 2015ರಲ್ಲಿ ಬ್ರೆಡ್ಡಿನ ಮೀಸಲಾತಿಯೂ ಹೋಯಿತು. 2025ರ ಜುಲೈಯಲ್ಲಿ ಫೋನಿನ ಸ್ಕ್ಯಾನ್ ಲೆಕ್ಕ ಹಿಡಿದು ತೆರಿಗೆ ನೋಟಿಸುಗಳು ಬಂದಾಗ ಬೇಕರಿ, ಕಾಂಡಿಮೆಂಟ್ಸ್‌ಗಳವರು ಸ್ಕ್ಯಾನರಿನ ಹಾಳೆಯನ್ನೇ ಕಿತ್ತು, ನಗದು ಮಾತ್ರ ಎಂದು ಬರೆದು ಅಂಟಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಬಿಸ್ಕತ್ತಿನ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ಅದೇ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. ಇದರಿಂದ ಭರಣಿಗೆ ಎಷ್ಟು ಉಸಿರು ಬಂದೀತು ಎಂದು ಕೇಳಿದರೆ ಯಜಮಾನರು ಒಂದು ಬಿಸ್ಕತ್ತು ತೆಗೆದು ನನ್ನ ಅಂಗೈ ಮೇಲಿಟ್ಟರು. ‘ತಿಂದು ನೋಡಿ. ಇದು ಮಿಷಿನ್ನಲ್ಲಿ ಬತ್ತದಾ?’

ಬರುವುದಿಲ್ಲ. ಬಾಯಿಗೆ ಮೊದಲು ತುಪ್ಪದಂಥ ಒಂದು ಬೆಚ್ಚಗಿನ ರುಚಿ, ಹಿಂದೆಯೇ ಉಪ್ಪಿನ ಚುರುಕು, ಕೊನೆಗೆ ಸೌದೆ ಹೊಗೆಯ ನೆನಪಿನಂಥದ್ದೇನೋ. ನಾನು ಅರ್ಧ ಕೆ.ಜಿ. ಕಟ್ಟಿಸಿಕೊಂಡೆ.

ರಾತ್ರಿ ಹತ್ತಕ್ಕೆ ಮತ್ತೆ ಹಿತ್ತಲಿಗೆ ಹೋದಾಗ ಒಲೆ ಬಾಯಿ ತೆರೆದು ನಿಂತಿತ್ತು. ಬೆಳಿಗ್ಗೆ ಕೆಂಡ ಎಳೆದ ಹುಡುಗ ಸೌದೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸುತ್ತಿದ್ದ. ಅವನು ಮುಂದಿನ ತಿಂಗಳು ಹೋಗುತ್ತಾನೆ. ಅವನ ಊರಿನ ಹತ್ತಿರ, ಚನ್ನಪಟ್ಟಣದ ದಾರಿಯಲ್ಲಿ ಒಂದು ಜಾಗ ನೋಡಿದ್ದಾನೆ. ಎಲೆಕ್ಟ್ರಿಕ್ ಓವನ್ನಿಗೆ ಬ್ಯಾಂಕು ಸಾಲ ಕೊಡುತ್ತದೆ, ಆದರೆ ಅವನಿಗೆ ಇಟ್ಟಿಗೆಯದೇ ಬೇಕು.

ಯಜಮಾನರು ಗೋಣಿದಾರದ ಉಂಡೆ ಹಿಡಿದು ಬಂದರು. ಹುಡುಗನನ್ನು ಒಂದು ತುದಿ ಹಿಡಿಯಲು ಹೇಳಿ ಒಲೆಯ ಬಾಯಿಯ ಅಗಲ ಅಳೆದು ಅಲ್ಲೊಂದು ಗಂಟು ಹಾಕಿದರು. ಎತ್ತರಕ್ಕೆ ಇನ್ನೊಂದು ಗಂಟು. ಆಮೇಲೆ ಹಲಗೆಯನ್ನು ಒಳಕ್ಕೆ ತಳ್ಳಿ ಆಳ ನೋಡಿ ಮೂರನೆಯ ಗಂಟು. ದಾರವನ್ನು ಸುತ್ತಿ ಅವನ ಅಂಗಿ ಜೇಬಿಗೆ ತುರುಕಿದರು.

‘ಬಾಯಿ ಇಷ್ಟೇ ಇರ್ಲಿ ಮಗ, ದೊಡ್ಡದು ಮಾಡ್ಬೇಡ. ಕಾವು ಓಡೋಯ್ತದೆ. ಕಮಾನು ಕಟ್ಟೋ ದಿನ ಒಂದು ಫೋನ್ ಮಾಡು, ನಾನೂ ಬತ್ತೀನಿ.’

ಹುಡುಗ ತಲೆಯಾಡಿಸಿ, ಬಗ್ಗಿ, ಕಡ್ಡಿ ಗೀರಿದ.